ನಾಯಿಗೆ ಬೇಸಗೆಯ ತಂಪು ತಿನಿಸು

ಕಳೆದ ತಿಂಗಳ ಸಂಚಿಕೆಯಲ್ಲಿ ಬೇಸಗೆಯ ಪಾನಕಗಳನ್ನು ಕುರಿತು ನಾಲ್ಕು ಮಾತು ಬರೆದಿದ್ದೆವಷ್ಟೆ. ಅದನ್ನೋದಿದ ಸೋದರಿಯೊಬ್ಬರು, "ಮನೆಯ ಮಂದಿಗೆಲ್ಲ ಪಾನಕವಾಯಿತು, ಬಾಗಿಲಲ್ಲಿ ನಾಲಗೆ ಚಾಚಿಕೊಂಡು ಬಿದ್ದಿರುವ ನಾಯಿಗೆ ಏನು ಕೊಡೋಣ? ಮಕ್ಕಳು ತಾವು ತಿನ್ನುವ ಐಸ್‌ಕ್ರೀಮನ್ನೇ ಅದಕ್ಕೂ ತಿನ್ನಿಸುತ್ತವೆ. ಇದು ಸರಿಯೆ?" ಎಂದು ಕೇಳಿ ಕಾಗದ ಬರೆದಿದ್ದಾರೆ. ಪ್ರಶ್ನೆಯು ಚಿಕ್ಕದಾಗಿ ತೋರಬಹುದು. ಆದರೆ ಇದರ ಉತ್ತರವನ್ನು ತಿಳಿಯದೆ ನಾವೇ ಒಮ್ಮೆ ಬಹಳ ಸಂಕಟಪಟ್ಟವರಾದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

೨೦೨೪ ನೆಯ ಇಸವಿಯ ಮೇ ತಿಂಗಳು. ನಮ್ಮ ಮಗನು ಬೆಂಗಳೂರಿನಿಂದ ಸಂಸಾರಸಮೇತನಾಗಿ ರಾಯಚೂರಿಗೆ ಬಂದಿದ್ದನು. ಬರುವಾಗ ತನ್ನ ನಾಯಿಯನ್ನೂ ಕರೆತಂದಿದ್ದನು. ಪಗ್ ಜಾತಿಯ ನಾಯಿ, ಚಪ್ಪಟೆ ಮೂತಿ, ದುಂಡು ಕಣ್ಣು, ಹೆಸರು ಮೋತಿ. ರಾಯಚೂರಿನ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯೊಳಗಣ ನೆಲವೂ ಕಾಯುತ್ತಿದ್ದ ದಿನಗಳವು. ಮೊಮ್ಮಕ್ಕಳಿಗೆಂದು ನಾವು ಹಾಲನ್ನು ಬತ್ತಿಸಿ, ಸಕ್ಕರೆ, ಏಲಕ್ಕಿ, ಗೋಡಂಬಿ, ಒಣದ್ರಾಕ್ಷಿಗಳನ್ನು ಹಾಕಿ ಕುಲ್ಫಿಯನ್ನು ಮಾಡಿಟ್ಟಿದ್ದೆವು. ಎಂಟು ವರ್ಷದ ಮೊಮ್ಮಗಳು ತನ್ನ ಬಟ್ಟಲನ್ನು ಹಿಡಿದು ನಾಯಿಯ ಮುಂದೆ ಕುಳಿತು ನಮ್ಮ ಮುಖವನ್ನು ನೋಡಿದಳು. "ಪಾಪ, ಅದಕ್ಕೂ ಸೆಕೆಯಲ್ಲವೆ, ಕೊಡು" ಎಂದು ಹೇಳಿದವರು ನಾವೇ. ಮೋತಿಯು ಬಟ್ಟಲನ್ನು ತೊಳೆದಿಟ್ಟಂತೆ ನೆಕ್ಕಿ ಮುಗಿಸಿತು. ನೋಡಿದ ನಮಗೆ ಪುಣ್ಯಕಾರ್ಯ ಮಾಡಿದಷ್ಟು ಸಂತೋಷವಾಯಿತು.

ಮಗನು ಹೊರಗಿನಿಂದ ಬಂದು ಸಂಗತಿಯನ್ನು ಕೇಳಿದವನೇ, "ಅಮ್ಮ, ಅದರಲ್ಲಿ ದ್ರಾಕ್ಷಿ ಇತ್ತೇ?" ಎಂದನು. ಇತ್ತೆಂದೆವು. ಅವನು ಮರುಮಾತಾಡದೆ ನಾಯಿಯನ್ನು ಎತ್ತಿಕೊಂಡು ಪಶುವೈದ್ಯರಲ್ಲಿಗೆ ಓಡಿದನು. ತಿಂದು ಒಂದು ಗಂಟೆಯೂ ಆಗಿರಲಿಲ್ಲವಾದುದರಿಂದ ವೈದ್ಯರು ಸೂಜಿಮದ್ದು ಕೊಟ್ಟು ವಾಂತಿ ಮಾಡಿಸಿದರು. ಎರಡು ದಿನ ರಕ್ತನಾಳದ ಮೂಲಕ ದ್ರವವನ್ನು ಏರಿಸಿದರು. ಮೂರನೆಯ ದಿನ ರಕ್ತವನ್ನು ಪರೀಕ್ಷಿಸಿ, ಮೂತ್ರಪಿಂಡಗಳು ಸರಿಯಾಗಿಯೇ ಇವೆಯೆಂದು ಹೇಳಿ ಮನೆಗೆ ಕಳುಹಿಸಿದರು. ಆ ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟಮಾಡಲಿಲ್ಲ. ಮಗುವಂತೂ ತನ್ನ ಕೈಯಿಂದಲೇ ಕೇಡಾಯಿತೆಂದು ಮೂಲೆಯಲ್ಲಿ ಕುಳಿತಿತ್ತು. ನಾಯಿ ಮನೆಗೆ ಬಂದ ಸಂಜೆ ಅದು ಮೆಲ್ಲನೆ ಬಂದು, "ಹಾಗಾದ್ರೆ ಮೋತಿಗೆ ತಣ್ಣಗಿರೋದು ಏನೂ ಕೊಡಬಾರ್ದಾ ಅಜ್ಜಿ?" ಎಂದು ಕೇಳಿತು. ಕೊಡಬಹುದು; ಆದರೆ ನಮಗೆ ರುಚಿಯಾದುದನ್ನಲ್ಲ, ಅದರ ಮೈಗೆ ಒಗ್ಗುವುದನ್ನು ಕೊಡಬೇಕು. ಈ ಲೇಖನದ ಸಾರವೆಲ್ಲ ಇಷ್ಟೇ. ಅದನ್ನು ಈಗ ವಿಸ್ತರಿಸುವೆವು.

ಮೊದಲು ನಾಯಿಯ ಮೈಯ ರೀತಿಯನ್ನು ಅರಿಯಬೇಕು. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರಿ, ಬೆವರು ಆರಿದಂತೆ ತಂಪಾಗುತ್ತದೆ. ನಾಯಿಗೆ ಆ ಅನುಕೂಲವಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲುಗಳಲ್ಲಿ ಇವೆ. ಅವುಗಳಿಂದ ಆಗುವ ಪ್ರಯೋಜನ ಅತ್ಯಲ್ಪ. ಆದುದರಿಂದ ಅದು ಬಾಯಿ ತೆರೆದು ಏದುತ್ತದೆ. ನಾಲಗೆ, ಬಾಯಿ, ಮೂಗುಗಳ ತೇವವು ಆವಿಯಾಗಿ ಹೋಗುವಾಗ ಮೈಯ ಕಾವನ್ನು ಕೊಂಡೊಯ್ಯುತ್ತದೆ. ನೀಳ ಮೂತಿಯ ಮುಧೋಳದ ನಾಯಿಗೆ ಇದು ಸುಲಭ. ಪಗ್, ಬುಲ್‌ಡಾಗ್ ಮುಂತಾದ ಚಪ್ಪಟೆ ಮೂತಿಯವಕ್ಕೆ ಉಸಿರಾಡುವುದೇ ಶ್ರಮವಾದುದರಿಂದ ಬೇಸಗೆಯು ಅವಕ್ಕೆ ಕಡುವೈರಿ. ನಾಯಿಯ ಮೈಕಾವು ಸಹಜವಾಗಿಯೇ ನಮ್ಮದಕ್ಕಿಂತ ಹೆಚ್ಚು. ೧೦೧ ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮುಟ್ಟಿದಾಗ ಬೆಚ್ಚಗಿದೆಯೆಂದು ಹೆದರಬೇಕಾದುದಿಲ್ಲ. ಅದು ಏದುವ ರೀತಿಯನ್ನು ನೋಡಬೇಕು.

ಇನ್ನು ಕೂಡದ ವಸ್ತುಗಳ ವಿಚಾರ. ಇದನ್ನು ಗೃಹಿಣಿಯರು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

ದ್ರಾಕ್ಷಿಯು ಹಸಿಯಾಗಲಿ ಒಣಗಿದುದಾಗಲಿ ಕೂಡದು. ಕೆಲವು ನಾಯಿಗಳು ತಿಂದು ಸುಮ್ಮನಿರುತ್ತವೆ. ಕೆಲವಕ್ಕೆ ಸ್ವಲ್ಪ ತಿಂದರೂ ಮೂತ್ರಪಿಂಡಗಳು ಕೆಡುತ್ತವೆ. ಇಂತಿಷ್ಟಕ್ಕೆ ಅಪಾಯವಿಲ್ಲವೆಂದು ಹೇಳುವ ಅಳತೆಯಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು ಇತ್ತೀಚಿನ ವರ್ಷಗಳಲ್ಲಿ ಊಹಿಸಿದ್ದಾರೆ. ಹುಣಸೆಹಣ್ಣನ್ನು ತಿಂದ ನಾಯಿಗಳಿಗೂ ಅದೇ ರೀತಿಯ ಕೇಡಾದುದು ಅವರು ೨೦೨೨ ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವರ್ಣಿತವಾಗಿದೆ. ಹುಣಸೆಯಲ್ಲಿಯೂ ಆ ಆಮ್ಲವು ಹೇರಳವಾಗಿದೆ. ಹುಳಿ, ಸಾರು, ಗೊಜ್ಜುಗಳಿಲ್ಲದ ಮನೆ ನಮ್ಮಲ್ಲಿಲ್ಲ. ಆದುದರಿಂದ ಉಳಿದ ಸಾರನ್ನು ನಾಯಿಯ ತಟ್ಟೆಗೆ ಸುರಿಯುವ ವಾಡಿಕೆಯನ್ನು ಬಿಡುವುದೇ ಲೇಸು. ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿಗಳೂ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆದು ರಕ್ತಹೀನತೆಯನ್ನುಂಟುಮಾಡುವಂಥವು.

ಚಾಕೊಲೇಟು, ಕೋಕೋ, ಕಾಫಿ, ಟೀ ಇವು ಕೂಡದು. ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಾಯಿಯ ಮೈಯು ಬೇಗನೆ ಕಳೆದುಕೊಳ್ಳಲಾರದು. ಎದೆಬಡಿತವೇರಿ, ನಡುಕ ಹುಟ್ಟಿ, ಪ್ರಾಣಕ್ಕೇ ಅಪಾಯವಾಗಬಹುದು. "ಸಕ್ಕರೆಯಿಲ್ಲದ್ದು" ಎಂದು ಮಾರುವ ಐಸ್‌ಕ್ರೀಮು, ಚ್ಯೂಯಿಂಗ್ ಗಮ್, ಅಂಗಡಿಯ ಕಡಲೆಕಾಯಿ ಬೆಣ್ಣೆ ಇವುಗಳಲ್ಲಿ ಕೆಲವಕ್ಕೆ ಕ್ಸೈಲಿಟಾಲ್ ಎಂಬ ಸಿಹಿಪದಾರ್ಥವನ್ನು ಬೆರೆಸಿರುತ್ತಾರೆ. ಮನುಷ್ಯರಿಗೆ ನಿರಪಾಯವೆನಿಸಿದ ಇದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು, ಯಕೃತ್ತನ್ನೂ ಕೆಡಿಸಬಲ್ಲದು. ಮಧುಮೇಹವಿರುವವರ ಮನೆಗಳಲ್ಲಿ ಈ ಬಗೆಯ ತಿನಿಸುಗಳು ಇರುವುದುಂಟು. ಡಬ್ಬಿಯ ಮೇಲಣ ಬರಹವನ್ನು ಓದದೆ ಕೊಡಕೂಡದು.

ಹಾಲಿನ ವಿಷಯದಲ್ಲಿ ಇಷ್ಟು ತಿಳಿದರೆ ಸಾಕು. ಮರಿಯು ತಾಯಿಯ ಹಾಲನ್ನು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯು ಬಹುಮಟ್ಟಿಗೆ ಕುಗ್ಗುತ್ತದೆ. ಕುಲ್ಫಿಯಂಥ ಬತ್ತಿಸಿದ ಹಾಲಿನ ತಿನಿಸಿನಿಂದ ಭೇದಿಯಾಗುವುದು ಇದರಿಂದಲೇ. ಮೊಸರು ಹೆಪ್ಪಾಗುವಾಗ ಆ ಸಕ್ಕರೆಯ ಸ್ವಲ್ಪಾಂಶವು ಕಳೆದುಹೋಗುವುದರಿಂದ ಅದು ಹಲವು ನಾಯಿಗಳಿಗೆ ಒಗ್ಗುತ್ತದೆ. ಮೊದಲ ದಿನ ಒಂದು ಚಮಚ ಕೊಟ್ಟು ನೋಡಿ ಮುಂದುವರಿಯಬೇಕು.

ಈಗ ಮಾಡುವ ಕ್ರಮಕ್ಕೆ ಬರೋಣ. ಇದಕ್ಕೆ ವಿಶೇಷ ಸಲಕರಣೆಯೇನೂ ಬೇಡ. ಫ್ರಿಜ್ಜಿನೊಡನೆ ಬರುವ ಐಸ್ ಟ್ರೇ ಒಂದು, ಅಗಲವಾದ ತಟ್ಟೆಯೊಂದು ಇದ್ದರೆ ಸಾಕು. ಈ ಕೆಳಗಣ ಯಾವುದಕ್ಕೂ ಸಕ್ಕರೆ, ಬೆಲ್ಲ, ಉಪ್ಪು, ಮಸಾಲೆಗಳನ್ನು ಹಾಕಕೂಡದು. ನಮಗೆ ಸಪ್ಪೆಯೆನಿಸಿದುದು ನಾಯಿಗೆ ಸಪ್ಪೆಯಲ್ಲ.

೧. ಕಲ್ಲಂಗಡಿಯ ತಂಪು. ಕಲ್ಲಂಗಡಿಯ ಕೆಂಪು ತಿರುಳನ್ನು ಎರಡು ಬಟ್ಟಲಿನಷ್ಟು ತೆಗೆದುಕೊಂಡು ಬೀಜಗಳನ್ನೆಲ್ಲ ಆಯಬೇಕು. ಸಿಪ್ಪೆಯನ್ನೂ ಬಿಳಿಯ ಭಾಗವನ್ನೂ ಬಿಡಬೇಕು. ಸಿಪ್ಪೆಯ ತುಂಡು ಕರುಳಿನಲ್ಲಿ ಸಿಕ್ಕಿಕೊಳ್ಳುವುದುಂಟು. ತಿರುಳನ್ನು ಕೈಯಿಂದಲೇ ಕಿವುಚಿ ಟ್ರೇಯ ಗುಳಿಗಳಿಗೆ ಹೊಯ್ದು ನಾಲ್ಕೈದು ಗಂಟೆ ಫ್ರೀಜರಿನಲ್ಲಿಡಬೇಕು. ಈ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲಾಗಿ ನೀರೇ ಇರುವುದರಿಂದ ಬೇಸಗೆಗೆ ಇದರಷ್ಟು ಹಗುರವಾದುದು ಇನ್ನೊಂದಿಲ್ಲ.

೨. ಮೊಸರು ಬಾಳೆಹಣ್ಣು. ಹುಳಿಯೇರದ ಗಟ್ಟಿ ಮೊಸರು ಒಂದು ಬಟ್ಟಲು, ಎಂದರೆ ಸುಮಾರು ೨೦೦ ಗ್ರಾಂ. ಚೆನ್ನಾಗಿ ಮಾಗಿದ ಏಲಕ್ಕಿ ಬಾಳೆಹಣ್ಣು ಒಂದು. ಹಣ್ಣನ್ನು ನುಣ್ಣಗೆ ಮಸೆದು ಮೊಸರಿನೊಡನೆ ಕಡೆದು ಟ್ರೇಗೆ ಹೊಯ್ಯಬೇಕು. ಹನ್ನೆರಡು ತುಂಡುಗಳಾಗುತ್ತವೆ. ಐದಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಬರಿಯ ನೀರಿನ ಐಸಿನಷ್ಟು ಕಲ್ಲಾಗುವುದಿಲ್ಲವಾದುದರಿಂದ ಹಲ್ಲಿಗೂ ಮೃದು.

೩. ರಾಗಿಯ ಅಂಬಲಿ. ನಮ್ಮ ನಾಡಿನ ಹಳ್ಳಿಗಳಲ್ಲಿ ಮುದ್ದೆಯ ತುಣುಕನ್ನು ತಿಂದು ಮನೆ ಕಾದ ನಾಯಿಗಳೆಷ್ಟೋ! ನಾಯಿಯು ಮಾಂಸಾಹಾರಿಯಾದ ತೋಳದ ಕುಲದ್ದಾದರೂ, ಮನುಷ್ಯನೊಡನೆ ಬಾಳುತ್ತ ಹಿಟ್ಟಿನ ಪದಾರ್ಥಗಳನ್ನು ಅರಗಿಸುವ ಶಕ್ತಿಯನ್ನು ಪಡೆಯಿತೆಂದು ೨೦೧೩ ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಒಂದು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಬಟ್ಟಲು ಕುದಿನೀರಿಗೆ ಹೊಯ್ದು, ಹಸಿವಾಸನೆ ಹೋಗುವವರೆಗೆ ಕೈಯಾಡಿಸುತ್ತ ಬೇಯಿಸಬೇಕು. ಪೂರ್ತಿ ಆರಿದ ಮೇಲೆ ಅರ್ಧ ಬಟ್ಟಲು ತಿಳಿಮಜ್ಜಿಗೆಯನ್ನು ಬೆರೆಸಿ, ತಟ್ಟೆಗೆ ಅರ್ಧ ಅಂಗುಲ ದಪ್ಪಕ್ಕೆ ಹೊಯ್ದು ಫ್ರೀಜರಿನಲ್ಲಿಡಬೇಕು. ಪೂರ್ತಿ ಗಟ್ಟಿಯಾಗುವ ಮುನ್ನ ಚಮಚದಿಂದ ಕೆದರಿಟ್ಟರೆ ಹರಳುಹರಳಾಗಿ ನೆಕ್ಕಲು ಹದವಾಗಿರುತ್ತದೆ.

೪. ಸಿಹಿಗುಂಬಳದ ತಂಪು. ಸಿಪ್ಪೆ ಬೀಜಗಳನ್ನು ತೆಗೆದ ಸಿಹಿಗುಂಬಳಕಾಯಿಯನ್ನು ಮೆತ್ತಗೆ ಬೇಯಿಸಿ ಮಸೆದು, ಬೇಯಿಸಿದ ನೀರನ್ನೇ ಸೇರಿಸಿ ತೆಳುವು ಮಾಡಿ ಟ್ರೇಗೆ ಹೊಯ್ಯಬೇಕು. ಮಾಂಸಾಹಾರದ ಮನೆಯವರು ನೀರಿಗೆ ಬದಲಾಗಿ ಕೋಳಿಯನ್ನು ಬೇಯಿಸಿದ ರಸವನ್ನು ಬಳಸಬಹುದು. ಆದರೆ ಅದಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬಿದ್ದಿರಬಾರದು. ಆರಿದ ಮೇಲೆ ತೇಲುವ ಕೊಬ್ಬನ್ನು ತೆಗೆದುಹಾಕಬೇಕು. ಎಲುಬಿನ ಚೂರೊಂದೂ ಉಳಿಯಕೂಡದು. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ.

ಇವುಗಳಲ್ಲಿ ಯಾವುದನ್ನಾದರೂ ಹೆಚ್ಚು ರುಚಿಗೊಳಿಸಬೇಕೆನಿಸಿದರೆ, ಹುರಿದು ಸಿಪ್ಪೆ ತೆಗೆದ ಶೇಂಗಾಬೀಜವನ್ನು ಉಪ್ಪಿಲ್ಲದೆ ನುಣ್ಣಗೆ ಅರೆದು ಕಾಲು ಚಮಚದಷ್ಟು ಬೆರೆಸಬಹುದು. ಅದರಲ್ಲಿ ಎಣ್ಣೆಯ ಅಂಶವು ಹೆಚ್ಚಾದುದರಿಂದ ಕೈ ಬಿಗಿಹಿಡಿದಿರಬೇಕು.

ಕೊಡುವ ರೀತಿಯಲ್ಲಿಯೂ ಜಾಗ್ರತೆ ಬೇಕು. ಫ್ರೀಜರಿನಿಂದ ತೆಗೆದ ಒಡನೆ ಕೊಡದೆ ಐದು ನಿಮಿಷ ಹೊರಗಿಟ್ಟು, ಮೇಲ್ಮೈ ತೇವವಾದ ಮೇಲೆ ಕೊಡಬೇಕು. ಲೋಹದ ತಟ್ಟೆಯಲ್ಲಿ ಗಟ್ಟಿಮಾಡಿದ್ದರೆ ಬೇರೆ ತಟ್ಟೆಗೆ ಬಗ್ಗಿಸಿ ಕೊಡಬೇಕು. ಕೊರೆಯುವ ಲೋಹಕ್ಕೆ ಒದ್ದೆ ನಾಲಗೆ ಅಂಟಿಕೊಳ್ಳುವುದುಂಟು. ನಾಯಿಯು ಕಡಿದು ನುಂಗುವುದಕ್ಕಿಂತ ನೆಕ್ಕಿ ಕರಗಿಸುವುದು ಮೇಲು. ಬರಿಯ ನೀರಿನ ದೊಡ್ಡ ಐಸು ತುಂಡನ್ನು ಕಟಕಟನೆ ಕಡಿಯುವಾಗ ಹಲ್ಲು ಸೀಳಬಹುದು. ಚಿಕ್ಕ ನಾಯಿಯ ಗಂಟಲಿಗೆ ತುಂಡು ಅಡ್ಡಬೀಳಬಹುದು. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೃದುವಾಗಿರುವುದೇ ಹದವೆಂದು ತಿಳಿಯತಕ್ಕದ್ದು. ಕುಲ್ಫಿಯ ಕಡ್ಡಿಯನ್ನು ಸಿಕ್ಕಿಸಬೇಡಿ. ನಾಯಿಯು ಅದನ್ನೂ ನುಂಗುತ್ತದೆ. ತಿಂದು ಮುಗಿಯುವವರೆಗೆ ದೊಡ್ಡವರೊಬ್ಬರು ಹತ್ತಿರವಿರಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ ಬೇರೆಬೇರೆ ಕಡೆಯಲ್ಲಿ ಕೊಡಬೇಕು.

ಪ್ರಮಾಣವೆಷ್ಟು? ತಿನಿಸೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ನಿಯಮ. ಹತ್ತು ಕಿಲೋ ತೂಕದ, ಆರೋಗ್ಯವಾದ, ಬೆಳೆದ ನಾಯಿಗೆ ದಿನಕ್ಕೆ ಸುಮಾರು ೬೦೦ ಕ್ಯಾಲೊರಿ ಬೇಕಾಗುತ್ತದೆ. ಅದರಲ್ಲಿ ತಿನಿಸಿಗೆ ಸಲ್ಲುವುದು ೬೦. ಮೇಲೆ ಹೇಳಿದ ಮೊಸರು ಬಾಳೆಹಣ್ಣಿನ ಒಂದು ತುಂಡಿನಲ್ಲಿ ಹದಿನೈದರಷ್ಟು ಇರುವುದರಿಂದ ಎರಡು ಅಥವಾ ಮೂರು ತುಂಡು ಸಾಕು. ಮಧುಮೇಹ, ಮೂತ್ರಪಿಂಡದ ಬೇನೆ, ಮೇದೋಜೀರಕಾಂಗದ ಬೇನೆ ಇರುವ ನಾಯಿಗೂ, ಎಳೆಯ ಮರಿಗೂ ವೈದ್ಯರನ್ನು ಕೇಳದೆ ಏನನ್ನೂ ಕೊಡಕೂಡದು. ಮಾಡಿಟ್ಟುದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು. ವಿದ್ಯುತ್ತು ಹೋಗಿ ಕರಗಿ ಮತ್ತೆ ಗಟ್ಟಿಯಾದುದನ್ನು ಚೆಲ್ಲಿಬಿಡಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ತಂಪು ತಿನಿಸು ಸುಖಕ್ಕಾಗಿ, ಅದು ಔಷಧವಲ್ಲ. ನಾಯಿಯು ಎಡೆಬಿಡದೆ ಜೋರಾಗಿ ಏದುತ್ತಿದ್ದರೆ, ಜೊಲ್ಲು ಅಂಟಾಗಿ ಇಳಿಯುತ್ತಿದ್ದರೆ, ವಸಡು ಕಡುಗೆಂಪಾಗಿದ್ದರೆ, ತೂರಾಡಿದರೆ, ವಾಂತಿ ಮಾಡಿದರೆ, ಅದು ಬಿಸಿಲಿನ ಹೊಡೆತವೆಂದು ತಿಳಿಯಬೇಕು. ಆಗ ಬಾಯಿಗೆ ಐಸನ್ನು ತುರುಕುತ್ತ ಕುಳಿತರೆ ಅಮೂಲ್ಯವಾದ ನಿಮಿಷಗಳು ಕಳೆಯುತ್ತವೆ. ತುಂಡು ಗಂಟಲಿಗೂ ಸಿಕ್ಕಬಹುದು. ಒಡನೆ ನೆರಳಿಗೆ ತಂದು, ಮೈಮೇಲೆಲ್ಲ ನೀರು ಸುರಿದು, ಫ್ಯಾನಿನ ಗಾಳಿ ಬೀಸುವಂತೆ ಮಾಡಬೇಕು. ಒದ್ದೆಬಟ್ಟೆಯನ್ನು ಹೊದಿಸಿಡಬಾರದು, ಅದು ಕಾವನ್ನು ಒಳಗೇ ತಡೆಯುತ್ತದೆ. ತಣ್ಣೀರು ಹಾಕಿದರೆ ಅಪಾಯವೆಂಬ ಹಳೆಯ ಹೆದರಿಕೆಯನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ಮೊದಲು ತಂಪುಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ ಎಂಬುದೇ ಅವರ ಸಲಹೆ. ಬ್ರಿಟನ್ನಿನಲ್ಲಿ ೨೦೧೬ ರಿಂದ ೨೦೧೮ ರವರೆಗೆ ಬಿಸಿಲಿನ ಬೇನೆಯಿಂದ ವೈದ್ಯರಲ್ಲಿಗೆ ಬಂದ ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ೨೦೨೩ ರಲ್ಲಿ ಪ್ರಕಟವಾಯಿತು. ಹೊರಡುವ ಮುನ್ನ ತಂಪುಮಾಡಲ್ಪಟ್ಟವು ಐದರಲ್ಲಿ ಸುಮಾರು ಒಂದು ಮಾತ್ರ ಎಂದು ಅದರಿಂದ ತಿಳಿದುಬಂದಿತು. ಅಷ್ಟು ಅನುಕೂಲವುಳ್ಳ ದೇಶದಲ್ಲಿಯೇ ಹೀಗಿದ್ದರೆ, ಪಶುವೈದ್ಯರು ಹತ್ತಾರು ಮೈಲಿ ದೂರದಲ್ಲಿರುವ ನಮ್ಮ ಊರುಗಳಲ್ಲಿ ಬಾವಿಯ ಕೊಡದ ನೀರೇ ಮೊದಲ ವೈದ್ಯನೆಂದು ತಿಳಿಯುವುದು ಕ್ಷೇಮ.

ತಿನಿಸು ಎಷ್ಟೇ ಇದ್ದರೂ ಕುಡಿಯುವ ನೀರಿಗೆ ಬದಲಾಗಲಾರದು. ಮನೆಯ ನಾಯಿಗೆ ನೆರಳಿನಲ್ಲಿ ಶುದ್ಧವಾದ ನೀರು ಸದಾ ಇರಬೇಕು. ತಿನಿಸು ಮಾಡುವ ಅನುಕೂಲವಿಲ್ಲದವರು ಇಷ್ಟನ್ನೇ ಮಾಡಿದರೂ ಮುಖ್ಯವಾದುದನ್ನು ಮಾಡಿದಂತೆಯೇ. ಹಾಗೆಯೇ, ಬಾಗಿಲಿನ ಹೊರಗೆ ಯಾರದೂ ಅಲ್ಲದ ನಾಯಿಗಳೂ ಇವೆ. ಅವಕ್ಕೆ ಕಲ್ಲಂಗಡಿಯ ಐಸು ಬೇಡ. ಗೋಡೆಯ ನೆರಳಿನಲ್ಲಿ ಅಗಲಬಾಯಿಯ ಮಣ್ಣಿನ ಪಾತ್ರೆಯೊಂದನ್ನಿಟ್ಟು, ಬೆಳಿಗ್ಗೆ ಸಂಜೆ ತೊಳೆದು ಹೊಸನೀರು ತುಂಬಿದರೆ ಆಯಿತು.

ಮೋತಿಯು ಕ್ಷೇಮವಾಗಿದೆ. ಆ ಬೇಸಗೆಯ ಉಳಿದ ದಿನಗಳಲ್ಲಿ ನಮ್ಮ ಮೊಮ್ಮಗಳು ತಾನೇ ಕಲ್ಲಂಗಡಿಯ ಬೀಜಗಳನ್ನು ಒಂದೊಂದಾಗಿ ಆಯ್ದು, ಎರಡು ಸಲ ನೋಡಿ, ನಮಗೂ ತೋರಿಸಿ, ಆಮೇಲೆ ಟ್ರೇಗೆ ಹೊಯ್ಯುತ್ತಿದ್ದಳು. ಕಾಗದ ಬರೆದ ಸೋದರಿಯವರಲ್ಲಿ ನಮ್ಮ ಪ್ರಾರ್ಥನೆಯಿಷ್ಟೆ: ಮಕ್ಕಳನ್ನು ಗದರಿಸಬೇಡಿ. ಕೊಡುವ ಕೈಯನ್ನು ಹಿಂತೆಗೆಯಲು ಕಲಿಸುವುದಕ್ಕಿಂತ, ಕೊಡುವ ಮುನ್ನ ಕೇಳಲು ಕಲಿಸಿ. ನಮ್ಮ ಮೊಮ್ಮಗಳು ಅಂದು ಕೇಳಿಯೇ ಕೊಟ್ಟಿದ್ದಳು. ಉತ್ತರ ಹೇಳಬೇಕಾದ ನಾವು ತಿಳಿದುಕೊಂಡಿರಲಿಲ್ಲ.